ಒಪ್ಪಿಸಿದೆ ಎಂದು ಹೇಳುವವರಾರು

ಕಸದ ಡಬ್ಬಿ ಹೊರಗಿಡುವ ಸರದಿ ಯಾರದೆಂದು ಗಂಡ ಹೆಂಡತಿ ಕೂಗಾಡಿದರೂ ಇಂಗ್ಲಿಷಿನವರಿಗೆ ಅದು ‘ಆರ್ಗ್ಯು’. ಕರಿ ಕೋಟಿನ ವಕೀಲರು ನ್ಯಾಯಪೀಠದ ಮುಂದೆ ಕಾನೂನಿನ ಎಳೆ ಎಳೆ ಬಿಡಿಸಿಟ್ಟರೂ ‘ಆರ್ಗ್ಯು’. ನಾವಾದರೆ ಜಗಳವನ್ನು ಜಗಳದ ಜಾಗದಲ್ಲಿ, ವಾದವನ್ನು ವಾದದ ಜಾಗದಲ್ಲಿ ಇಟ್ಟಿದ್ದೇವೆ. ನಡುವಿನ ಓಣಿಯಲ್ಲಿ ತಕರಾರು, ತಂಟೆ, ವಾಗ್ವಾದ ಓಡಾಡಿಕೊಂಡಿವೆ. ಕೂಗಾಟಕ್ಕೂ ತರ್ಕಕ್ಕೂ ಒಂದೇ ಕ್ರಿಯಾಪದ ಇಟ್ಟುಕೊಂಡು ಆ ಜನ ಹೇಗೆ ಸಂಸಾರ ನಡೆಸುತ್ತಾರೋ!

ಇದರ ತಮಾಷೆ ಅವರಿಗೂ ಗೊತ್ತು. ಮಾಂಟಿ ಪೈಥಾನ್ ತಂಡದವರು 1972ರಲ್ಲಿ ಟಿವಿಗೆ ಒಂದು ಪ್ರಹಸನ ಮಾಡಿದರು. ಒಬ್ಬ ಗಿರಾಕಿ ದುಡ್ಡು ಕೊಟ್ಟು ವಾದ ಕೊಳ್ಳಲು ಒಂದು ಕಚೇರಿಗೆ ಬರುತ್ತಾನೆ. ತಪ್ಪಿ ಬೇರೆ ಕೋಣೆಗೆ ಹೊಕ್ಕು ಬೈಗುಳ ತಿನ್ನುತ್ತಾನೆ. ಸರಿಯಾದ ಕೋಣೆ ಸಿಕ್ಕಿದ ಮೇಲೆ ಅಲ್ಲಿ ಕೂತವನು ಹೇಳಿದ್ದಕ್ಕೆಲ್ಲ ‘ಅಲ್ಲ’ ಎನ್ನುತ್ತಾನೆ. ಇದು ವಾದವಲ್ಲ, ಬರೀ ಅಡ್ಡಮಾತು ಎಂದು ಗಿರಾಕಿ ಗೋಳಾಡಿದರೆ ಅದಕ್ಕೂ ‘ಅಲ್ಲ’. ವೇಳೆ ಮುಗಿಯಿತು, ಮತ್ತೆ ದುಡ್ಡು ಕಟ್ಟಿ ಎನ್ನುವಲ್ಲಿಗೆ ನನಗೆ ಯಾವ್ಯಾವುದೋ ಸಭೆಗಳು ನೆನಪಾಗುತ್ತವೆ.

ಓದಿಕೊಂಡವರ ಬಾಯಲ್ಲಿ ಈ ಕ್ರಿಯಾಪದ ಹಲ್ಲು ಕಿತ್ತ ಹಾವು. ‘ಐ ವುಡ್ ಆರ್ಗ್ಯು’ ಎಂದು ಮೆಲ್ಲಗೆ ಶುರುಮಾಡುತ್ತಾರೆ. ವಾದಿಸುತ್ತಿಲ್ಲ, ಪ್ರಸಂಗ ಬಂದರೆ ವಾದಿಸಿಯೇನು ಎಂಬ ಧಾಟಿ. ‘ಆರ್ಗ್ಯುಅಬ್ಲಿ’ ಎಂಬುದಂತೂ ಇನ್ನೂ ಜಾಣ ಪದ. ಇಂಥವನೇ ಜಗತ್ತಿನ ಶ್ರೇಷ್ಠ ಬ್ಯಾಟ್ಸ್‌ಮನ್ ಎಂದು ಬರೆಯುವಾಗ ಇದೊಂದನ್ನು ಸೇರಿಸಿಬಿಟ್ಟರೆ ಪುರಾವೆ ಕೊಡುವ ಕೆಲಸವೇ ತಪ್ಪುತ್ತದೆ. ‘ವಿತ್ ಗ್ರೇಟ್ ರೆಸ್ಪೆಕ್ಟ್’ ಎಂದು ಆರಂಭವಾದರೆ ಮಾತ್ರ ಹುಷಾರು. ಎದುರಿನವರನ್ನು ದಡ್ಡರೆಂದು ಕರೆಯುವ ಮುನ್ನ ಹಾಸುವ ರತ್ನಗಂಬಳಿ ಅದು.

ಈ ಕ್ರಿಯಾಪದಗಳ ಜಾತಕ ಬರೆದವರು ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಜೆ. ಎಲ್. ಆಸ್ಟಿನ್. 1955ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅವರು ತೋರಿಸಿಕೊಟ್ಟದ್ದು ಇಷ್ಟು: ‘ಹೀಗೆಂದು ನಾನು ವಾದಿಸುತ್ತೇನೆ’ ಅಂದರೆ ಅಂದ ಕ್ಷಣಕ್ಕೇ ವಾದ ಆಗಿಹೋಯಿತು. ‘ಹೀಗೆಂದು ನಿಮ್ಮನ್ನು ಒಪ್ಪಿಸುತ್ತೇನೆ’ ಅಂದರೆ ಏನೂ ಆಗಲಿಲ್ಲ. ವಾದ ನಾಲಿಗೆಯ ಕೆಲಸ, ಅಲ್ಲಿಗೇ ಮುಗಿಯುತ್ತದೆ. ಒಪ್ಪಿಗೆ ಕೇಳುವವರ ತಲೆಯೊಳಗೆ ಆಗಬೇಕಾದ್ದು. ಹಾಗಾಗಿ ‘ಕನ್ವಿನ್ಸ್’, ‘ಪರ್ಸ್ಯುಯೇಡ್’ ಎರಡಕ್ಕೂ ಕರ್ತೃ ನಾವಾದರೂ ರುಜು ಹಾಕಬೇಕಾದವರು ಬೇರೆಯವರು.

ನಾವು ಮಾತ್ರ ಈ ಕಟ್ಟಳೆಯನ್ನು ಗಾಳಿಗೆ ತೂರಿದ್ದೇವೆ. ‘ಅಪ್ಪಂಗೆ ಎಷ್ಟು ಕನ್ವಿನ್ಸ್ ಮಾಡಿದೆ, ಒಪ್ಪಲೇ ಇಲ್ಲ’ ಎನ್ನುವ ಮಕ್ಕಳು ಬೆಂಗಳೂರಿನ ಬಸ್ಸು ಬಸ್ಸಿನಲ್ಲೂ ಸಿಗುತ್ತಾರೆ. ಇಂಗ್ಲಿಷಿನವರಿಗೆ ಇದು ಗೆದ್ದೆ, ಆದರೆ ಸೋತೆ ಅಂದಂತೆ ಕೇಳಿಸೀತು. ನನಗೇನೋ ನಮ್ಮ ಮಕ್ಕಳದೇ ನಿಜವೆನಿಸುತ್ತದೆ. ಅಷ್ಟು ಹೊತ್ತು ಗಂಟಲು ಹರಿದುಕೊಂಡದ್ದಕ್ಕೆ ಒಂದು ಕ್ರಿಯಾಪದವಾದರೂ ದಕ್ಕಬೇಡವೇ?

ಹಾಗೆಂದು ಅವರೂ ಸತ್ಯಹರಿಶ್ಚಂದ್ರರಲ್ಲ. ‘ರೆಫ್ಯೂಟ್’ ಅಂದರೆ ಸುಳ್ಳೆಂದು ಸಾಧಿಸಿ ತೋರಿಸುವುದು. ಆರೋಪ ಹೊತ್ತ ಮಂತ್ರಿಗಳು ಮೈಕಿನ ಮುಂದೆ ನಿಂತು ‘ಐ ರೆಫ್ಯೂಟ್’ ಎಂದು ಕಾರು ಹತ್ತುತ್ತಾರೆ. ಅವರು ಮಾಡಿದ್ದು ಬರೀ ಅಲ್ಲಗಳೆದದ್ದು. ಇದಕ್ಕಿಂತ ನಿಘಂಟುಕಾರ ಡಾಕ್ಟರ್ ಜಾನ್ಸನ್ ವಾಸಿ. ಜಡವಸ್ತುವೇ ಇಲ್ಲವೆಂಬ ಬಿಷಪ್ ಬರ್ಕ್ಲಿಯ ಸಿದ್ಧಾಂತವನ್ನು ಸುಳ್ಳೆಂದು ಸಾಧಿಸುವುದು ಕಷ್ಟ ಎಂದು 1763ರಲ್ಲಿ ಹ್ಯಾರಿಚ್ ಊರಿನಲ್ಲಿ ಗೆಳೆಯ ಬಾಸ್ವೆಲ್ ಅಂದಾಗ, ಜಾನ್ಸನ್ ಪಕ್ಕದ ದೊಡ್ಡ ಕಲ್ಲನ್ನು ಕಾಲಿನಿಂದ ಜಾಡಿಸಿ ಒದ್ದು, ಇಗೋ ಸಾಧಿಸಿದೆ ಎಂದರಂತೆ. ತರ್ಕ ಹೇಗೇ ಇರಲಿ, ಕಾಲನ್ನಾದರೂ ಖರ್ಚು ಮಾಡಿದರು.

ಹಳೇ ಕಾಲದ ಮೇಷ್ಟ್ರುಗಳು ‘ಕನ್ವಿನ್ಸ್’ ನಂಬಿಕೆಗೆ, ‘ಪರ್ಸ್ಯುಯೇಡ್’ ಕೆಲಸಕ್ಕೆ ಎಂದು ಗೆರೆ ಎಳೆದಿದ್ದರು. ಅಮೆರಿಕದವರು ಆ ಗೆರೆಯನ್ನು ಅಳಿಸಿ ಬಹಳ ಕಾಲವಾಯಿತು. ನನಗೆ ಇಷ್ಟವಾದದ್ದು ಚಹಾ ಮೇಜಿನ ‘ಪರ್ಸ್ಯುಯೇಡ್’. ಇನ್ನೊಂದು ತುಂಡು ಕೇಕಿಗೆ ತಮ್ಮನ್ನು ಒಪ್ಪಿಸಬಹುದೇ ಎಂದು ಆ ಮನೆಯಾಕೆ ಕೇಳುತ್ತಾಳೆ. ಒಪ್ಪಿಸಬಹುದೇನೋ ಎಂದು ಅತಿಥಿ ತಟ್ಟೆ ಮುಂದೊಡ್ಡುತ್ತಾನೆ. ಇಷ್ಟು ಸಲೀಸಾಗಿ ಈ ಕ್ರಿಯಾಪದ ಬೇರೆಲ್ಲೂ ಫಲಿಸಿದ್ದನ್ನು ನಾನು ಕಂಡಿಲ್ಲ.

ಆಸ್ಟಿನ್ ಅವರಿಗೆ ತಮ್ಮ ಹೆಸರಿನ ಮೇಲೇ ಚೇಷ್ಟೆ ಮಾಡುವ ಗುಣವಿತ್ತು. ಒಂದು ಉಪನ್ಯಾಸಮಾಲೆಗೆ ‘ಸೆನ್ಸ್ ಅಂಡ್ ಸೆನ್ಸಿಬಿಲಿಯ’ ಎಂದು ಹೆಸರಿಟ್ಟು, ಹೆಚ್ಚುಕಡಿಮೆ ತಮ್ಮದೇ ಹೆಸರಿನ ಕಾದಂಬರಿಗಾರ್ತಿ ಜೇನ್ ಆಸ್ಟೆನ್‌ಗೆ ಕಣ್ಣು ಮಿಟುಕಿಸಿದ್ದರು. ಆಕೆಯ ‘ಪರ್ಸ್ಯುಯೇಷನ್’ ಹೊರಬಂದದ್ದು ಆಕೆ ಸತ್ತ ಮೇಲೆ, 1817ರ ಕೊನೆಯಲ್ಲಿ. ನಮ್ಮ ವಿಭಾಗದಲ್ಲಿ ನನಗಿಂತ ಹಿರಿಯರಾದ ಮೇಷ್ಟ್ರೊಬ್ಬರು ಅದೇ ಆಕೆಯ ಶ್ರೇಷ್ಠ ಕೃತಿ ಎನ್ನುತ್ತಿದ್ದರು. ನಾನು ‘ಪ್ರೈಡ್ ಅಂಡ್ ಪ್ರಿಜುಡಿಸ್’ ಪಕ್ಷ. ಪ್ರತಿ ಮಧ್ಯಾಹ್ನ ಕಾಫಿ ಆರಿಹೋಗುವವರೆಗೆ ವಾದ. ಕೊನೆಗೆ ಅವರು ‘ನಿಮಗಿನ್ನೂ ವಯಸ್ಸು ಸಾಲದು, ಬಿಡ್ರೀ’ ಎಂದು ಎದ್ದುಹೋಗುತ್ತಿದ್ದರು. ಅದಕ್ಕೆ ನನ್ನಲ್ಲಿ ಉತ್ತರವಿರುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ‘ಪರ್ಸ್ಯುಯೇಷನ್’ ಮತ್ತೆ ಓದಿದೆ. ಹತ್ತೊಂಬತ್ತರ ಆ್ಯನ್, ಹಿತೈಷಿಯೊಬ್ಬಳ ಮಾತಿಗೆ ಒಪ್ಪಿ, ತಾನು ಪ್ರೀತಿಸಿದ ವೆಂಟ್‌ವರ್ತನನ್ನು ಬಿಟ್ಟುಕೊಡುತ್ತಾಳೆ. ಎಂಟು ವರ್ಷದ ಮೇಲೆ ಬಾತ್ ನಗರದ ಒಂದು ವಸತಿಗೃಹದ ಕಿಟಕಿಯ ಬಳಿ ನಿಂತು ಹಾರ್ವಿಲ್ ಎಂಬವನೊಡನೆ ವಾದಿಸುತ್ತಾಳೆ: ಹೆಚ್ಚು ಕಾಲ ಮರೆಯದೆ ಪ್ರೀತಿಸುವವರು ಗಂಡಸರೋ ಹೆಂಗಸರೋ? ಅದು ಇತ್ಯರ್ಥವಾಗುವ ವಾದವಲ್ಲ. ಅದೇ ಕೋಣೆಯಲ್ಲಿ ಬೆನ್ನು ಮಾಡಿ ಕಾಗದ ಬರೆಯುತ್ತ ಕೂತ ವೆಂಟ್‌ವರ್ತ್ ಮಾತ್ರ ಕೇಳಿಸಿಕೊಂಡೇ ಕರಗಿಹೋಗುತ್ತಾನೆ. ವಾದ ಒಬ್ಬನೊಡನೆ, ಒಪ್ಪಿದ್ದು ಇನ್ನೊಬ್ಬ.

ಮೇಷ್ಟ್ರು ಹೂಡುತ್ತಿದ್ದ ವಾದಗಳಲ್ಲಿ ನನಗೆ ಈಗ ಒಂದೂ ಸರಿಯಾಗಿ ನೆನಪಿಲ್ಲ. ರುಜು ಹಾಕೋಣವೆಂದರೆ ಅವರೂ ಇಲ್ಲ. ಇರಲಿ, ಇಲ್ಲೇ ಹಾಕುತ್ತೇನೆ: ಜೇನ್ ಆಸ್ಟೆನ್ ಬರೆದು ಮುಗಿಸಿದ ಆರು ಕಾದಂಬರಿಗಳಲ್ಲಿ ‘ಪರ್ಸ್ಯುಯೇಷನ್’ ಎಲ್ಲಕ್ಕಿಂತ ಮೇಲು.