ಪೆಟ್ಟಿಗೆ ಮಾವ ದನಿ ಕೊಟ್ಟ ಜಯಮ್ಮ

ಕೃಷ್ಣರಾಜಪುರ, ಬೆಂಗಳೂರು

ಪ್ರೀತಿಯ ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಅಪ್ಪಾ, ಗುಬ್ಬಿ ಕಂಪನಿ ಜಯಮ್ಮ ನಿಜವಾಗ್ಲೂ ನಮ್ಮ ನೆಂಟರಾ?" ಅಂತ. ಅದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಲು ಮನಸ್ಸು ಬರಲಿಲ್ಲ. ಪುಣೆಯಲ್ಲಿ ಯಾರೋ ಮೂಕಿ ಚಿತ್ರ ತೋರಿಸಿದರು, ಪರದೆಯ ಪಕ್ಕ ಕೂತು ಒಬ್ಬರು ತಬಲ ಬಾರಿಸಿದರು, ಆಗ ನಮ್ಮ ಮನೆಯ ಈ ಮಾತು ನೆನಪಾಯಿತು ಅಂದೆ. ಅಷ್ಟು ದೂರ ಹೋದಮೇಲೂ ನಿನಗೆ ಇದು ನೆನಪಿದೆಯಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ಅದಕ್ಕೇ ಈ ಕಾಗದ.

ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಹಾಗೇ ಇದೆ, ಆದರೂ ಸಂಜೆಯ ವಾಕಿಂಗ್ ಬಿಟ್ಟಿಲ್ಲ. ಮೆಟ್ರೋ ಬಂದಮೇಲೆ ಹಲಸೂರು ನಮಗೆ ಹತ್ತಿರವಾಗಿದೆ. ನಾನು ಐಟಿಐ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಅತ್ತೆಯನ್ನು ನೋಡಿಬರಬೇಕೆಂದರೆ ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸಿಗೆ ಕಾಯುವುದರಲ್ಲೇ ಅರ್ಧ ಭಾನುವಾರ ಕಳೆದುಹೋಗುತ್ತಿತ್ತು. ಈಗ ಬೆನ್ನಿಗಾನಹಳ್ಳಿ, ಬೈಯಪ್ಪನಹಳ್ಳಿ, ಇಂದಿರಾನಗರ ದಾಟಿ ಇಳಿದರೆ ಕಾಫಿ ಹೊತ್ತಿಗೆ ಅತ್ತೆಯ ಮುಂದೆ ಕೂತಿರುತ್ತೇನೆ. ನಿನ್ನ ಹಲಸೂರಜ್ಜಿ ಗಟ್ಟಿಯಾಗಿದ್ದಾರೆ. ಕಿವಿ ಸ್ವಲ್ಪ ಮಂದವಾಗಿದೆ, ನೆನಪು ಮಾತ್ರ ಚೂರೂ ಮಾಸಿಲ್ಲ. ಈಗ ನಾನು ಬರೆಯುವುದರಲ್ಲಿ ಮುಕ್ಕಾಲು ಪಾಲು ಅವರಿಂದ ತಿಳಿದದ್ದು.

ಮೊದಲು ಜಯಮ್ಮನವರ ವಿಷಯ. ಅವರು ಗುಬ್ಬಿ ನಾಟಕ ಕಂಪನಿಯ ನಟಿ. ಆ ಕಂಪನಿ ಅಂದರೆ ಸಾಮಾನ್ಯದ್ದಲ್ಲ ಮಗಳೇ. ರಾಜಕುಮಾರರ ತಂದೆ ಪುಟ್ಟಸ್ವಾಮಯ್ಯನವರು ಪಾತ್ರ ಮಾಡಿದ ಕಂಪನಿ; ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಮನೆಬಿಟ್ಟು ಓಡಿಬಂದು ಸೇರಿದ ಕಂಪನಿ. 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆಯನ್ನೇ ತಂದು ನಿಲ್ಲಿಸಿದ ಕಂಪನಿಯ ಒಡೆಯ ವೀರಣ್ಣನವರು ಮೂಕಿ ಚಿತ್ರಗಳಿಗೂ ಕೈಹಾಕಿದ್ದರು. 1931ರಲ್ಲಿ ಬೆಲ್ಜಿಯಂ ದೇಶದ ರಾಫೆಲ್ ಅಲ್ಗೋಟ್ ಎಂಬಾತ ನಿರ್ದೇಶಿಸಿದ 'ಹಿಸ್ ಲವ್ ಅಫೇರ್' ಚಿತ್ರದಲ್ಲಿ ಜಯಮ್ಮ ಪರದೆಗೆ ಬಂದರು. ಆಗ ಅವರಿಗೆ ಹದಿನಾರರ ಆಸುಪಾಸು. ಮೈಕಿಲ್ಲದ ರಂಗದಲ್ಲಿ ಕೊನೆಯ ಸಾಲಿನವರಿಗೂ ಮುಟ್ಟುವಂತೆ ಹಾಡುವವರ ನಡುವೆ ಬೆಳೆದ ಹುಡುಗಿಯನ್ನು ಸಿನಿಮಾ ಮೊದಲ ಬಾರಿ ತೋರಿಸಿದ್ದು ದನಿಯಿಲ್ಲದೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಮನೆಯಲ್ಲಿ ಅವರ ಹೆಸರು ಬಂದರೆ ನನ್ನ ಅಜ್ಜಿ, ಅಂದರೆ ನಿನ್ನ ಮುತ್ತಜ್ಜಿ, "ಜಯಮ್ಮ ನಮ್ಮವಳು ಕಣೋ" ಅನ್ನುತ್ತಿದ್ದರು. ಹೇಗೆ ನಮ್ಮವಳು ಎಂದು ಯಾರೂ ಕೇಳಲಿಲ್ಲ. ತಾಯಿಯ ಕಡೆಯ ನೆಂಟರಿರಬೇಕು ಎಂದು ಎಲ್ಲರೂ ಅಂದುಕೊಂಡೆವು. ಮದುವೆ ಮನೆಗಳಲ್ಲಿ ಅದು ನಮ್ಮ ದೊಡ್ಡಸ್ತಿಕೆಯೂ ಆಗಿತ್ತು. ನಾನು ರಿಟೈರಾದ ಮೇಲೆ ಹುಡುಕಲು ಕೂತಾಗ ನನ್ನ ಕೈಯಲ್ಲಿದ್ದ ಸಾಕ್ಷಿ ಒಂದೇ, ಅಜ್ಜಿಯ ಹಾಡಿನ ಪುಸ್ತಕ. ನೀನು ನೋಡಿದ್ದೀಯ, ಕೆಂಪು ಬಟ್ಟೆಯ ರಟ್ಟಿನದು. 'ಸದಾರಮೆ', 'ಗುಲೇಬಕಾವಲಿ' ನಾಟಕಗಳ ಪದಗಳನ್ನು ಅಜ್ಜಿ ಶಾಯಿಯಲ್ಲಿ ದುಂಡಗೆ ಬರೆದಿದ್ದಾರೆ. ಆದರೆ ನೀನು ಕಲಿತೆಯಲ್ಲ, ಆ ಒಂದು ಹಾಡಿನ ಸಾಲುಗಳ ನಡುವೆ ಬೇರೆ ಯಾರದೋ ಕೈಬರಹ ಇದೆ, ಪೆನ್ಸಿಲಿನದು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ: "ಓಟ". ಕೆಳಗೆ "ಜಗಳ". ಮತ್ತೂ ಕೆಳಗೆ "ನಿಲ್ಲು", ಕೊನೆಯಲ್ಲಿ "ಅಳು". ಅಂಚಿನಲ್ಲಿ "ರೀ 3". ಅದು ರಿಷಭ ಸ್ವರದ ಗುರುತೇ, ರಾಗದ ಹೆಸರೇ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡೆ.

ಪುಸ್ತಕವನ್ನು ಹಲಸೂರಿಗೆ ತೆಗೆದುಕೊಂಡು ಹೋದೆ. ಅತ್ತೆ ಕನ್ನಡಕ ಏರಿಸಿ ನೋಡಿ, "ಇದು ಪೆಟ್ಟಿಗೆ ಮಾವನ ಅಕ್ಷರ. ರೀಲು ಕಣೋ, ಮೂರನೇ ರೀಲು" ಅಂದರು.

ಪೆಟ್ಟಿಗೆ ಮಾವ ಅಂದರೆ ಅಜ್ಜಿಯ ಅಣ್ಣ. ಹಾರ್ಮೋನಿಯಂ ಮೇಷ್ಟ್ರು. ದಂಡಿನ ಕಡೆ ಸಿನಿಮಾ ಟೆಂಟಿನಲ್ಲಿ ಪರದೆಯ ಬುಡದಲ್ಲಿ ಕೂತು ಚಿತ್ರಕ್ಕೆ ತಕ್ಕಂತೆ ನುಡಿಸುವುದು ಅವರ ಕಸುಬು. ಆಗ ಬೆಂಗಳೂರು ಎರಡು ಊರು. ಪೇಟೆ ಮಹಾರಾಜರದು, ದಂಡು ಬ್ರಿಟಿಷರದು. 1947ರ ಜುಲೈನಲ್ಲಿ ದಂಡು ಮೈಸೂರಿಗೆ ವಾಪಸು ಬಂತು, 1949ರಲ್ಲಿ ಎರಡಕ್ಕೂ ಒಂದೇ ಕಾರ್ಪೊರೇಷನ್ ಆಯಿತು. ಶಿವಾಜಿನಗರ, ಹಲಸೂರು ಎಲ್ಲ ದಂಡಿಗೆ ಸೇರಿದ್ದವು. ತಮಿಳು, ಉರ್ದು, ತೆಲುಗು, ಕನ್ನಡ, ಇಂಗ್ಲಿಷು ಎಲ್ಲ ಒಂದೇ ಬೀದಿಯಲ್ಲಿ. ಮೂಕಿ ಚಿತ್ರ ಅಂಥ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಅಕ್ಷರದ ಪಟ್ಟಿ ಬಂದಾಗ ಓದು ಬಂದವರು ಬಾರದವರಿಗೆ ಕೂಗಿ ಹೇಳುತ್ತಿದ್ದರು. ಮಿಕ್ಕದ್ದನ್ನೆಲ್ಲ ತಿಳಿಸುತ್ತಿದ್ದದ್ದು ಹಾರ್ಮೋನಿಯಂ. ನಾಯಕ ಓಡಿದರೆ ಇವರ ಬೆರಳೂ ಓಡಬೇಕು, ತಾಯಿ ಅತ್ತರೆ ನಿಧಾನಿಸಬೇಕು, ರೀಲು ಬದಲಾಗುವಷ್ಟು ಹೊತ್ತು ಜನ ಎದ್ದುಹೋಗದ ಹಾಗೆ ಹಿಡಿದಿಡಬೇಕು.

ಆ ಟೆಂಟಿಗೆ ಜಯಮ್ಮನವರ ಚಿತ್ರ ಬಂತಂತೆ. ಮಾವನಿಗೆ ನಾಟಕದ ಹುಚ್ಚು. ಗುಬ್ಬಿ ಕಂಪನಿ ಪೇಟೆಯಲ್ಲಿ ಕ್ಯಾಂಪು ಹಾಕಿದಾಗ ಹಲಸೂರಿನಿಂದ ನಡೆದುಕೊಂಡೇ ಹೋಗಿ ಬೆಳಗಿನ ಜಾವ ಬರುತ್ತಿದ್ದವರು. ಪರದೆಯ ಮೇಲೆ ಆ ಹುಡುಗಿಯ ಬಾಯಿ ಆಡುತ್ತಿದೆ, ದನಿಯಿಲ್ಲ. ಆಗ ಇವರು ತಮಗೆ ಬಾಯಿಗೆ ಬರುತ್ತಿದ್ದ ರಂಗದ ಹಾಡನ್ನೇ ಎತ್ತಿಕೊಂಡು ಅವಳ ತುಟಿಗೆ ಹೊಂದಿಸಿ ನುಡಿಸಿದರಂತೆ. ಆಟ ಮುಗಿಸಿ ಮನೆಗೆ ಬಂದು ತಂಗಿಯನ್ನು ಎಬ್ಬಿಸಿ, "ಇವತ್ತು ಜಯಮ್ಮನಿಗೆ ದನಿ ಕೊಟ್ಟು ಬಂದೆ" ಅಂದರಂತೆ. ಆ ಚಿತ್ರ ಇದ್ದಷ್ಟು ದಿನವೂ ಅದೇ ಮಾತು. ತಂಗಿಗೆ ಹಾಡು ಕಲಿಸಿದ್ದೂ ಆಗಲೇ.

ಜಯಮ್ಮ ನಮ್ಮವಳು ಆದದ್ದು ಹೀಗೆ, ಪುಟ್ಟೀ. ರಕ್ತಸಂಬಂಧ ಯಾವುದೂ ಇಲ್ಲ. ಅವರಿಗೆ ಇದು ಗೊತ್ತೂ ಇದ್ದಿರಲಾರದು.

ಜಯಮ್ಮನವರ ಚಿತ್ರದ ವರ್ಷವೇ, 1931ರ ಮಾರ್ಚಿನಲ್ಲಿ, ಬೊಂಬಾಯಿಯಲ್ಲಿ 'ಆಲಂ ಆರಾ' ಮಾತಾಡಿತ್ತು. 1934ಕ್ಕೆ ಕನ್ನಡದಲ್ಲೇ 'ಸತಿ ಸುಲೋಚನಾ' ಬಂತು. ಪರದೆಯೇ ಹಾಡತೊಡಗಿದ ಮೇಲೆ ಅದರ ಬುಡದಲ್ಲಿ ಕೂತವರು ಯಾರಿಗೆ ಬೇಕು? ಮಾವ ಹಲಸೂರು, ಶಿವಾಜಿನಗರದ ಮನೆಮನೆಗೆ ಹೋಗಿ ಮಕ್ಕಳಿಗೆ ಸರಿಗಮ ಹೇಳಿಕೊಟ್ಟು ಬದುಕಿದರಂತೆ. ಟಾಕಿಗೆ ಅವರು ಕೊನೆಯವರೆಗೂ ಕಾಲಿಡಲಿಲ್ಲ ಎಂದು ಅತ್ತೆ ಹೇಳುವಾಗ ನನಗೆ ಮಾತೇ ಹೊರಡಲಿಲ್ಲ.

ಇಷ್ಟು ಕೇಳಿದ ಮೇಲೆ ಹಾಡನ್ನು ಮತ್ತೆ ಪರೀಕ್ಷೆ ಮಾಡಬೇಕು ಅನ್ನಿಸಿತು. ಶಿವಾಜಿನಗರದಲ್ಲಿ ಹಳೇ ಸಾಮಾನು ಮಾರುವವರ ಹತ್ತಿರ ಅದೇ ಹಾಡಿನ ಒಂದು ಪ್ಲೇಟು ಸಿಕ್ಕಿತು, ಹಾಡಿದವರ ಹೆಸರು ಉಜ್ಜಿಹೋಗಿದೆ. ನಮ್ಮ ಕೀಲಿ ಗ್ರಾಮಫೋನಿನ ವೇಗ ಹಿಡಿದಿಡುವ ಗವರ್ನರ್ ಬಿಚ್ಚಿ, ತೊಳೆದು, ಎಣ್ಣೆ ಹಾಕಿದೆ. ವೇಗ ಸರಿಯಿಲ್ಲದಿದ್ದರೆ ಶ್ರುತಿಯೂ ಸುಳ್ಳು ಹೇಳುತ್ತದೆ. ಅದಕ್ಕೆ ಒಂದು ದುಂಡು ಕಾಗದದ ಅಂಚಿಗೆ ಸಮನಾಗಿ 77 ಗೆರೆ ಎಳೆದು, ಪ್ಲೇಟಿನ ಮೇಲಿಟ್ಟು, ಹಳೇ ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಬೇಕು. ನಿಮಿಷಕ್ಕೆ 78 ಸುತ್ತು ಕೂಡಿದ ಗಳಿಗೆಗೆ ಓಡುತ್ತಿದ್ದ ಗೆರೆಗಳು ನಿಂತಹಾಗೆ ಕಾಣುತ್ತವೆ. ಎಲ್‌ಇಡಿ ದೀಪ ಇದಕ್ಕೆ ಸರಿಯಾಗಿ ಒದಗುವುದಿಲ್ಲ. ಮಹಡಿ ಕೋಣೆಯ ಟ್ಯೂಬ್‌ಲೈಟನ್ನು ನಾನು ಯಾಕೆ ಬದಲಾಯಿಸಲು ಬಿಡುತ್ತಿಲ್ಲ ಎಂದು ಅಮ್ಮನಿಗೆ ಈಗ ಗೊತ್ತಾಗಿದೆ.

ಪ್ಲೇಟಿನಲ್ಲಿ ಹಾಡು ಮೊದಲಿನಿಂದ ಕೊನೆಯವರೆಗೆ ಒಂದೇ ನಡೆಯಲ್ಲಿ ಹೋಗುತ್ತದೆ. ಅಜ್ಜಿಯ ಹಾಡು ಹಾಗಲ್ಲ. ಎರಡು ಸಾಲು ನಿಧಾನ, ಆಮೇಲೆ ಮಾತಿಲ್ಲದ ಗುನುಗು, ಅದು ಇದ್ದಕ್ಕಿದ್ದಂತೆ ದುಪ್ಪಟ್ಟು ವೇಗಕ್ಕೆ ಏರಿ, ಗಕ್ಕನೆ ನಿಂತು, ಕೊನೆಯ ಸಾಲು ಅರ್ಧಕ್ಕರ್ಧ ಇಳಿದು ಬರುತ್ತದೆ. ಪೆನ್ಸಿಲಿನ ಗುರುತುಗಳ ಜೊತೆ ಇಟ್ಟು ನೋಡಿದೆ. "ಓಟ" ಎಂದಿರುವ ಕಡೆಯೇ ಗುನುಗು ಓಡುತ್ತದೆ, "ನಿಲ್ಲು" ಎಂದಿರುವ ಕಡೆಯೇ ನಿಲ್ಲುತ್ತದೆ. ಅಜ್ಜಿ ಕಲಿತದ್ದು ರಂಗದ ಹಾಡನ್ನಲ್ಲ, ಪರದೆಯ ಮೇಲೆ ಆ ರೀಲು ಓಡಿದ ಹಾಗೆ ಅಣ್ಣ ನುಡಿಸಿದ ಹಾಡನ್ನು.

ನಿನ್ನ ಶಾಲೆಯ ರಾಜ್ಯೋತ್ಸವದ ಸ್ಪರ್ಧೆ ನೆನಪಿದೆಯಾ? ಇದೇ ಹಾಡು ಹೇಳಿದ್ದೆ. ತೀರ್ಪುಗಾರರೊಬ್ಬರು "ಮಧ್ಯದಲ್ಲಿ ತಾಳ ತಪ್ಪಿತು" ಅಂದರು. ನೀನು ಮನೆಗೆ ಬಂದು ಊಟ ಮಾಡದೆ ಮಲಗಿದೆ, ಆಮೇಲೆ ನಾಲ್ಕು ಜನರ ಮುಂದೆ ಹಾಡಿದ್ದನ್ನು ನಾನು ಕಾಣೆ. ತಾಳ ತಪ್ಪಿರಲಿಲ್ಲ ಮಗಳೇ. ಮಾವನ ಬೆರಳು ಓಡಿದ ಕಡೆ ನೀನೂ ಓಡಿದ್ದೆ. ಯಾರೂ ಹೇಳಿಕೊಡದೆಯೇ, ನನ್ನ ಅಜ್ಜಿಯಿಂದ ಬಂದು ಹಲಸೂರಜ್ಜಿಯ ಬಾಯಿಂದ ನೀನು ಕೇಳಿದ್ದನ್ನು ಒಂದು ಎಳೆಯೂ ಬಿಡದೆ ಹಿಡಿದಿದ್ದೆ. ಯಾರು ಏನಂದರೂ ಅದನ್ನು ನೇರ ಮಾಡಲು ಹೋಗಬೇಡ. ಹಾಡು ಬಿಡಲೂ ಬೇಡ. ಕೆಲಸ, ಶಿಫ್ಟು, ಡೆಡ್‌ಲೈನು ಎಲ್ಲ ಇದ್ದದ್ದೇ. ನೀನು ಫೋನಿನಲ್ಲಿ ದಣಿದ ದನಿಯಲ್ಲಿ ಮಾತಾಡುವಾಗ ನನಗೆ ಚಿಂತೆಯಾಗುತ್ತದೆ. ರಾತ್ರಿ ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಹಾಡಿಕೋ.

ಒಂದು ಕೆಲಸವನ್ನೂ ಹೇಳುತ್ತೇನೆ. ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿ ಫಿಲ್ಮ್ ಆರ್ಕೈವ್ ಇದೆ, 1964ರಲ್ಲಿ ಶುರುವಾದದ್ದು. ನಮ್ಮ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರ ತಯಾರಾದವಂತೆ, ಉಳಿದವು ಬೆರಳೆಣಿಕೆ. ಆ ಕಾಲದ ನೈಟ್ರೇಟ್ ಫಿಲ್ಮಿಗೆ ಬೆಂಕಿ ಬೇಗ ಹತ್ತುತ್ತಿತ್ತು; ಸುಟ್ಟುಹೋಗದೆ ಮಿಕ್ಕದ್ದರಲ್ಲಿ ಎಷ್ಟನ್ನೋ ಬೆಳ್ಳಿಯ ಆಸೆಗೆ ಕರಗಿಸಿಬಿಟ್ಟರು. ಜಯಮ್ಮನವರ ಆ ಚಿತ್ರದ ಒಂದು ಸ್ಟಿಲ್ ಫೋಟೋ ಆದರೂ ಅಲ್ಲಿದೆಯೇ, ವಿಚಾರಿಸು. ಅವರ ದನಿ ಬೇಕಾದರೆ ಕಷ್ಟವಿಲ್ಲ. 1945ರ ತೆಲುಗಿನ 'ಸ್ವರ್ಗಸೀಮ' ಚಿತ್ರದಲ್ಲಿ ನಟ ನಾಗಯ್ಯನವರ ಹೆಂಡತಿಯ ಪಾತ್ರ ಮಾಡಿ ತಾವೇ ಹಾಡಿದ್ದಾರೆ. ನಾನು ಅತ್ತೆಗೆ ಕೇಳಿಸಿದೆ. ಆ ದನಿ ಎಷ್ಟು ನಿರಾಳವಾಗಿದೆ ಎಂದರೆ, ಹದಿನಾರರಲ್ಲೇ ಇದನ್ನು ಜನಕ್ಕೆ ಕೇಳಿಸದ ಆ ಯಂತ್ರದ ಮೇಲೆ ಸಿಟ್ಟು ಬರುತ್ತದೆ. ಮೂಕಿಯಲ್ಲಿ ಕಂಡವರು ಇಂದು ನಮಗೆ ಸಿಗುವುದು ದನಿಯಾಗಿ. ಮುಖವೂ ಸಿಕ್ಕರೆ ಪೆಟ್ಟಿಗೆ ಮಾವ ಕಂಡದ್ದನ್ನು ನಾವೂ ಒಮ್ಮೆ ಕಂಡಹಾಗೆ.

ದೀಪಾವಳಿಗೆ ಟಿಕೆಟ್ಟು ಈಗಲೇ ಮಾಡಿಸಿಬಿಡು, ಆಮೇಲೆ ಸಿಗುವುದಿಲ್ಲ. ಬಂದ ಮಾರನೆಯ ದಿನವೇ ಹಲಸೂರಿಗೆ ಹೋಗೋಣ. ಆ ಹಾಡನ್ನು ನಿನ್ನ ಬಾಯಲ್ಲಿ ಕೇಳಬೇಕೆಂದು ಅತ್ತೆ ಹೇಳಿಕಳಿಸಿದ್ದಾರೆ. ಅವರಿಗೆ ಎಡಗಿವಿ ಪೂರ್ತಿ ಕೇಳುವುದಿಲ್ಲ, ಹಾಡುವಾಗ ಬಲಗಡೆ ಕೂತುಕೋ.

ಇಂತಿ,
ನಿನ್ನ ಅಪ್ಪ