ಅಪ್ಪನ ನಿಧಾನ

ಕಳೆದ ಮಳೆಗಾಲದ ಒಂದು ಸಂಜೆ. ಠಾಣೆ ಸ್ಟೇಷನ್ನಿನಲ್ಲಿ ನಾನು ಮತ್ತು ನನ್ನವಳು ಡೊಂಬಿವಲಿಯ ಲೋಕಲ್‌ಗಾಗಿ ನಿಂತಿದ್ದೆವು. ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಘೋಷಣೆಯಾಯಿತು. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಕೇಳಿಸಿತು. ಅರ್ಥವೂ ಆಯಿತು. ಆದರೆ ಅರ್ಥವಾಗುವಷ್ಟರಲ್ಲಿ ಜನರೆಲ್ಲ ಸೇತುವೆ ಹತ್ತಿದ್ದರು, ಅವರೊಂದಿಗೆ ಅವಳೂ. ನಾನೊಬ್ಬನೇ ನಿಂತಿದ್ದೆ.

ನನಗೀಗ 69. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದವನು. ಮರೆವಿನ ಕಾಯಿಲೆ ಶುರುವಾಯಿತೇ ಎಂಬ ಭಯದಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕನ್ನಡ ಸಂಘದ ಲೆಕ್ಕಪತ್ರ ಬಹಳ ವರ್ಷಗಳಿಂದ ನನ್ನ ಕೈಯಲ್ಲಿದೆ. ಅದನ್ನು ಬಿಟ್ಟುಕೊಡುವ ಪತ್ರವನ್ನೂ ಬರೆದಿಟ್ಟೆ.

ಮಗ ಕಲ್ಯಾಣದ ಡಾಕ್ಟರರೊಬ್ಬರ ಬಳಿ ಕರೆದುಕೊಂಡು ಹೋದ. ಅವರು ಕೊಟ್ಟ ಪರೀಕ್ಷೆಗಳಲ್ಲಿ ಒಂದು ಮಕ್ಕಳಾಟದಂಥದು. ಒಂದರಿಂದ ಒಂಬತ್ತರವರೆಗಿನ ಅಂಕಿಗಳಿಗೆ ಒಂದೊಂದು ಚಿಹ್ನೆ. ಕೆಳಗಿನ ಸಾಲುಗಳಲ್ಲಿ ಅಂಕಿ ನೋಡಿ ಚಿಹ್ನೆ ಬರೆಯಬೇಕು. ಸಮಯ ಎರಡೇ ನಿಮಿಷ. ಅರ್ಧ ಹಾಳೆ ಖಾಲಿ ಉಳಿಯಿತು. ಬರೆದದ್ದರಲ್ಲಿ ತಪ್ಪಿರಲಿಲ್ಲ.

"ಕಾಯಿಲೆ ಏನಿಲ್ಲ ಕಾಕಾ, ವೇಗ ಸ್ವಲ್ಪ ಇಳಿದಿದೆ. ನಿಮ್ಮ ತಂದೆ ಹೇಗಿದ್ದರು?" ಎಂದು ಡಾಕ್ಟರರು ಕೇಳಿದರು.

ಅಪ್ಪ ಫೋರ್ಟಿನ ಉಡುಪಿ ಹೊಟೇಲೊಂದರಲ್ಲಿ ಗಲ್ಲಾದಲ್ಲಿ ಕೂತವರು. ಮಾಣಿ ದೂರದಿಂದ ಕೂಗಿದ ತಿಂಡಿಗಳ ಲೆಕ್ಕ, ಗಿರಾಕಿ ಗಲ್ಲಾ ತಲುಪುವ ಮೊದಲೇ ಅವರ ಬಾಯಲ್ಲಿ ತಯಾರು. ಎಪ್ಪತ್ತು ದಾಟಿದ ಮೇಲೆ ಅದೇ ಅಪ್ಪ ತರಕಾರಿ ಚೀಟಿ ಹಿಡಿದು ತಡಮಾಡುತ್ತಿದ್ದರು. "ಬೇಗ ಹೇಳಿ ಅಪ್ಪ, ನನಗೆ ಗಾಡಿ ತಪ್ಪುತ್ತದೆ" ಎಂದು ನಾನು ಚೀಟಿ ಕಸಿದುಕೊಂಡದ್ದುಂಟು. ಅವರ ಮೊತ್ತ ಮಾತ್ರ ಒಮ್ಮೆಯೂ ತಪ್ಪಲಿಲ್ಲ.

ಆಮೇಲೆ ಈ ಬಗ್ಗೆ ಓದತೊಡಗಿದೆ. ಯೋಚನೆಯ ವೇಗ ಯೌವನ ಕಳೆಯುತ್ತಿದ್ದಂತೆಯೇ ಇಳಿಯತೊಡಗುತ್ತದೆ. ಶಬ್ದಸಂಪತ್ತು, ಅನುಭವದ ತಿಳಿವಳಿಕೆ ಬಹುಕಾಲ ಉಳಿಯುತ್ತವೆ. ಆರೋಗ್ಯವಂತರಲ್ಲೂ ಒಬ್ಬರು ಚುರುಕು, ಇನ್ನೊಬ್ಬರು ನಿಧಾನವಾಗುವುದರಲ್ಲಿ ವಂಶವಾಹಿಗಳ ಪಾಲಿದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ 45 ದಾಟಿದ, ಮರೆವಿನ ಕಾಯಿಲೆಯಿಲ್ಲದ ಸುಮಾರು 32,000 ಯುರೋಪಿಯನ್ ಮೂಲದವರನ್ನು ನೋಡಿತು. ನಾನು ಬರೆದಂಥ ಪರೀಕ್ಷೆಯ ವೇಗಕ್ಕೂ ಸಿಎಡಿಎಂ2 ಎಂಬ ಜೀನಿಗೂ ನಂಟು ಕಂಡಿತು. ಅದರ ಪ್ರಭಾವ ಬಹಳ ಚಿಕ್ಕದು. ಇಂಥ ಅನೇಕ ಜೀನುಗಳು ಚೂರುಚೂರು ಸೇರಿಸುತ್ತವೆ. ಜೊತೆಗೆ ವಿದ್ಯೆ, ನಿದ್ದೆ, ಬಿಪಿ, ಸಕ್ಕರೆಯ ಪಾಲೂ ಇದೆ. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲೂ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 45 ದಾಟಿದವರ ನೆನಪು, ಮೆದುಳು, ಜೀನುಗಳನ್ನು ವರ್ಷಗಟ್ಟಲೆ ಗಮನಿಸುತ್ತಿದೆ. 10,000 ಜನರನ್ನು ಸೇರಿಸುವ ಗುರಿ.

ನೆರೂಲಿನಲ್ಲಿರುವ ತಂಗಿಗೆ 66. ನಾನು ಕನ್ನಡಕ ಹುಡುಕುವುದರೊಳಗೆ ಅವಳು ಫೋನಿನಲ್ಲಿ ಕರೆಂಟ್ ಬಿಲ್ ಕಟ್ಟಿ ಮುಗಿಸಿರುತ್ತಾಳೆ. "ಅಪ್ಪನ ನಿಧಾನ ನಿನಗೆ, ಅಮ್ಮನ ಅವಸರ ನನಗೆ, ಅಣ್ಣಾ" ಎಂದು ನಗುತ್ತಾಳೆ. ಜೀನುಗಳು ಆಸ್ತಿಯಂತೆ ಅಷ್ಟು ಸರಳವಾಗಿ ಪಾಲಾಗುವುದಿಲ್ಲ. ಆದರೂ ಆ ಮಾತು ನನಗೆ ಹಿತವೆನಿಸಿತು.

ಪತ್ರ ಹರಿದು ಹಾಕಿದೆ. ಸಂಘದ ಲೆಕ್ಕಕ್ಕೆ ಮೊದಲು ಒಂದು ಸಂಜೆ ಸಾಕಿತ್ತು, ಈಗ ಎರಡು ಬೇಕು. ಈ ವರ್ಷವೂ ಒಂದು ರೂಪಾಯಿ ವ್ಯತ್ಯಾಸ ಬರಲಿಲ್ಲ. ಸ್ಟೇಷನ್ನಿಗೆ ಹದಿನೈದು ನಿಮಿಷ ಮೊದಲೇ ಹೋಗಿ ನಿಲ್ಲುತ್ತೇನೆ.

ಅಂದು ಅಪ್ಪನಿಗೆ ಬೇಕಾಗಿದ್ದದ್ದು ಎರಡೇ ನಿಮಿಷ. ಅದನ್ನು ಕೊಡಲಿಲ್ಲವಲ್ಲ ಎಂಬುದೊಂದು ಉಳಿದಿದೆ.