ಗಾಜಿನ ತೊಟ್ಟಿಯ ಪಾಠ

ನಮ್ಮ ಶಾಲೆಯ ಗಾಜಿನ ತೊಟ್ಟಿಯಲ್ಲಿ ಹೊಂಬಣ್ಣದ ಮೀನೊಂದರ ಹೊಟ್ಟೆ ಉಬ್ಬಿರುವುದನ್ನು ಮೊದಲು ಕಂಡವಳು ಎಂಟನೆಯ ತರಗತಿಯ ಬಾಲಿಕೆ. "ಮೊಟ್ಟೆಯಿರಬಹುದು, ಹೋಗಮ್ಮಾ" ಎಂದು ನಾನು ಅವಳನ್ನು ಕಳುಹಿಸಿಬಿಟ್ಟೆನು. ನಾಲ್ಕನೆಯ ದಿನ ನೋಡಲಾಗಿ, ಅದರ ಹುರುಪೆಗಳು ಅನಾನಸಿನ ಸಿಪ್ಪೆಯಂತೆ ನಿಮಿರಿದ್ದವು.

ಹುರುಪೆಗಳು ಮೈಗಂಟಿಕೊಂಡಿದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಅಜೀರ್ಣವಿರಬಹುದು. ಎರಡು ದಿನಗಳ ಉಪವಾಸದಿಂದ ಗುಣವಾಗುವುದುಂಟು. ನಿಮಿರಿದರೆ ಅದು ಜಲೋದರ. ಮೂತ್ರಪಿಂಡ ಕೆಟ್ಟು ಮೈಯೊಳಗೆ ನೀರು ತುಂಬಿರುತ್ತದೆ, ಬದುಕುವುದು ವಿರಳ. ಬಾಲಿಕೆಯರು ಅಕ್ಕರೆಯಿಂದ ಮಿತಿಮೀರಿ ಹಾಕಿದ ಆಹಾರ ಕೊಳೆತು ನೀರನ್ನು ಕೆಡಿಸಿತ್ತು. ರೋಗಿಯನ್ನು ಬೇರೆ ಪಾತ್ರೆಗೆ ಸಾಗಿಸಿ, ತೊಟ್ಟಿಯ ಕಾಲುಭಾಗ ನೀರನ್ನು ಬದಲಿಸಿದೆವು. ಆ ಮೀನು ಉಳಿಯಲಿಲ್ಲ. ಮಿಕ್ಕ ಐದು ಉಳಿದವು.

ಆ ಬಾಲಿಕೆಯನ್ನು ಕರೆದು ಕ್ಷಮೆ ಬೇಡಿದೆನು. ತಾಯಿತಂದೆಗಳೇ, ದೇವರು ನಮ್ಮ ವಶಕ್ಕೆ ಒಪ್ಪಿಸಿದ ಮೂಕಜೀವಗಳು ತಮ್ಮ ನೋವನ್ನು ಹೇಳಲಾರವು; ಅದನ್ನು ಕಂಡು ಹೇಳಬಂದ ಮಗುವಿನ ಮಾತನ್ನಾದರೂ ನಾವು ಕೇಳೋಣ.